ತೊಳಸುವ ಹಕ್ಕಿಯ ಲೆಕ್ಕ

ನಲವತ್ತೊಂದನೆಯ ಮಹಡಿಗಿಂತ ಮೇಲೆ ನನ್ನ ಗೂಡು.
ಗಾಜಿನದು. ಒಂದು ಕುರ್ಚಿ, ಎರಡು ಸನ್ನೆಗೋಲು,
ಬಾರ್ಲಿ ಚಹಾದ ಫ್ಲಾಸ್ಕು, ಉಚ್ಚೆಗೊಂದು ಬಾಟಲಿ.
ಏಣಿ ಇಳಿದು ಹತ್ತಲು ಅರ್ಧ ಗಂಟೆ;
ಅರ್ಧ ಗಂಟೆಗೆ ಎಷ್ಟು ಸಿಮೆಂಟೆಂದು ಮೇಸ್ತ್ರಿಗೆ ಬಾಯಿಪಾಠ.

ಇಲ್ಲಿಂದ ಇಂಚಿಯೋನ್ ಪೂರ್ತಿ ಕಾಣುತ್ತದೆ:
ಸೇತುವೆ, ವಿಮಾನ, ಬಿಳಿ ಗೋಪುರಗಳ ಸಾಲು,
ಸಾಲು ಮುಗಿದಲ್ಲಿ ಕೆಸರು.
ನೀರಿಳಿದಾಗ ಮೈಲಿಗಟ್ಟಲೆ ಕೆಸರು,
ಬೂದು, ಮಿರುಗು,
ಯಾರೋ ಈಗಷ್ಟೇ ನೆಕ್ಕಿಟ್ಟ ತಟ್ಟೆಯ ಹಾಗೆ.
ಅದರ ಮೇಲೆ ಬಿಳಿ ಚುಕ್ಕಿಗಳು.

ನಮ್ಮಲ್ಲಿ ಅದಕ್ಕೆ ತೊಳಸುವ ಹಕ್ಕಿ ಎಂದೇ ಹೆಸರು.
ಕರಿ ಮೋರೆ, ಸೌಟಿನ ಕೊಕ್ಕು.
ಅರೆಬಾಯಿ ತೆರೆದು ನೀರಿಗಿಟ್ಟು
ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ,
ಒಲೆಯ ಮುಂದೆ ಗಂಜಿ ಬಿಟ್ಟೇಳಲಾರದ ಹೆಂಗಸಿನ ಹಾಗೆ.
ಕಡಲು ತಳ ಹಿಡಿಯಬಾರದಲ್ಲ.

ಆರೂವರೆಗೆ ಎಣಿಸುತ್ತೇನೆ. ಯಾಂಗ್ ಮಾಸ್ತರಿಗೆ ಫೋನು.
ಐದನೆಯ ತರಗತಿಯಲ್ಲಿ ನನಗೆ ಭಾಗಾಕಾರ ಕಲಿಸಿ ಸೋತವರು;
ಈಗ ನಾನು ಹೇಳಿದ್ದನ್ನೇ ಬರೆದುಕೊಳ್ಳುತ್ತಾರೆ.
"ಇನ್ನೊಮ್ಮೆ ಎಣಿಸು" ಎನ್ನುತ್ತಾರೆ ಮಾತ್ರ, ಹಳೆಯ ಚಾಳಿ.
ಮೊನ್ನೆ ಎಪ್ಪತ್ತಾರು. ನಿನ್ನೆ ಎಪ್ಪತ್ತಮೂರು.
ಇವತ್ತು ಮಂಜು.

ಸಂಬಳ ಯಾರು ಕೊಡುತ್ತಾರೆ, ಗೊತ್ತು ನನಗೆ.
ಈ ಕೈಯೇ ಎತ್ತಿದ ತೊಲೆ, ಈ ಕೈಯೇ ಇಳಿಸಿದ ಗೋಡೆ.
ಕೆಳಗೆ ತಗಡಿನ ಬೇಲಿಯ ಮೇಲೆ ಕಂಪನಿಯವರು
ಅದೇ ಹಕ್ಕಿಯ ಚಿತ್ರ ಬರೆಸಿದ್ದಾರೆ, ಎರಡಾಳು ಎತ್ತರ:
"ಪ್ರಕೃತಿಯ ಮಡಿಲಲ್ಲಿ ನಿಮ್ಮ ಮನೆ."
ಆ ತಗಡು ಅಡ್ಡ ಬಂದು
ದಾರಿಹೋಕರಿಗೆ ಹಕ್ಕಿ ಕಾಣುವುದಿಲ್ಲ.

ನಗರಸಭೆ ಅಹವಾಲು ಕೇಳುವ ದಿನ ರಜೆ ಹಾಕಿ
ಬೋಂಗ್ಸುನ್ ದೊಡ್ಡಮ್ಮನನ್ನು ಕರೆದೊಯ್ದೆ.
ಅರವತ್ತು ವರ್ಷ ಚಿಪ್ಪು ಹೆಕ್ಕಿದವಳು,
ಹಿಡಿವ ಕೊಕ್ಕೆಯ ಹಾಗೇ ಬಾಗಿದ ಬೆನ್ನು.
ಒಬ್ಬೊಬ್ಬರಿಗೆ ಮೂರು ನಿಮಿಷ.
ನಮಗಿಂತ ಮುಂಚೆ ಟೈ ಕಟ್ಟಿದವನೊಬ್ಬ
ಗೋಡೆಯ ಮೇಲೆ ಬಣ್ಣದ ನಕ್ಷೆ ಬಿಟ್ಟ;
ಕೆಸರಿದ್ದಲ್ಲೆಲ್ಲ ಹಳದಿ.
ಹಳದಿ ಎಂದರೆ ಬಳಕೆಯಾಗದ ಜಾಗ.

ದೊಡ್ಡಮ್ಮ ಮೈಕು ಮುಟ್ಟಲಿಲ್ಲ.
"ಹಕ್ಕಿಯದು ಇವನನ್ನು ಕೇಳಿ. ನನಗೆ ಗೊತ್ತಿರುವುದು ಕಾಲು."
ಕುರ್ಚಿಯ ಮೇಲೆ ಕಾಲಿಟ್ಟು ಷರಾಯಿ ಮಡಿಸಿದಳು.
"ಮದುವೆಯಾಗಿ ಬಂದಾಗ ಇಲ್ಲಿವರೆಗೆ ಹೂತುಹೋಗುತ್ತಿತ್ತು." ಮಂಡಿ.
"ಮೊದಲ ಒಡ್ಡು ಹಾಕಿದಾಗ ಇಲ್ಲಿ." ಮೀನಖಂಡ.
"ಸೇತುವೆ ಆದಮೇಲೆ ಇಷ್ಟು." ಹರಡು.
"ಈಗ ನೀವು ಬೂಟು ಹಾಕಿಕೊಂಡೇ ಬರಬಹುದು.
ಬೂಟು ನಡೆವಲ್ಲಿ ಚಿಪ್ಪು ಉಸಿರಾಡುವುದಿಲ್ಲ,
ಅದು ನೆಲವಾಯಿತು.
ನೆಲ ನಿಮ್ಮ ಹತ್ತಿರ ಬೇಕಾದಷ್ಟಿದೆಯಲ್ಲ."
ಇನ್ನೂ ಒಂದು ನಿಮಿಷ ಬಾಕಿಯಿತ್ತು.
ಆ ನಿಮಿಷ ಪೂರ್ತಿ ಷರಾಯಿ ಇಳಿಸಿಕೊಂಡಳು.
ಯಾರೂ ಕೆಮ್ಮಲಿಲ್ಲ.

ಗುಮಾಸ್ತ ಬರೆದ ಸಾಲು ಆಮೇಲೆ ನೋಡಿದೆ:
"ಸಾಕ್ಷಿಯು ಕಾಲು ತೋರಿಸಿದರು."
ತೀರ್ಮಾನ ಮುಂದಿನ ವಸಂತಕ್ಕೆ.
ಅಲ್ಲಿವರೆಗೆ ಬಡಗಣ ಕಾಲುವೆಗೆ ಮಣ್ಣು ಸುರಿಯುವಂತಿಲ್ಲ.
ಇಷ್ಟೇ. ಮನೆಗೆ ಬರುತ್ತ ಬಸ್ಸಿನಲ್ಲಿ ಅವಳು ನಿದ್ದೆಹೋದಳು,
ಕೊಕ್ಕೆ ಹಿಡಿವ ಬೆರಳು ಮಡಿಚಿಕೊಂಡೇ.

ಸಂಜೆ ಕೆಲಸ ಬಿಡುವಾಗ ಕ್ರೇನಿನ ಬ್ರೇಕು ಸಡಿಲಿಸಿ ಇಳಿಯಬೇಕು,
ಗಾಳಿ ಬಂದತ್ತ ತೋಳು ತಿರುಗಲೆಂದು.
ಹಟ ಹಿಡಿದು ನಿಲ್ಲಿಸಿದರೆ ಗೋಪುರವೇ ಉರುಳುತ್ತದೆ;
ಹೊಸಬರಿಗೆ ಮೊದಲ ದಿನ ಕಲಿಸುವ ಪಾಠ ಅದು.
ರಾತ್ರಿ ಕಿಟಕಿಯಿಂದ ನೋಡುತ್ತೇನೆ.
ಕೆಂಪು ದೀಪ ಕಟ್ಟಿಕೊಂಡ ಆ ಉದ್ದ ತೋಳು
ಕತ್ತಲೆಯೊಳಗೆ ಎಡಕ್ಕೆ, ಬಲಕ್ಕೆ,
ಏನೋ ಕಳೆದುಕೊಂಡಿದ್ದನ್ನು ತೊಳಸಿ ಹುಡುಕುತ್ತ.

ಬೆಳಿಗ್ಗೆ ಮಂಜು ಸರಿದಿದೆ. ಎಪ್ಪತ್ತೇಳು.
ಮಾಸ್ತರು ಸುಮ್ಮನಿದ್ದಾರೆ.
ಅವರು ಬಾಯಿ ತೆರೆಯುವ ಮೊದಲೇ
ಇನ್ನೊಮ್ಮೆ ಎಣಿಸತೊಡಗುತ್ತೇನೆ.