ಒಂದಕ್ಷರ, ಒಂದು ಚುಕ್ಕಿ

ನನ್ನ ಹೆಸರು ಹಂಸಾ ಹಿರೇಹಾಳ.
ಬಿಷ್ಕೆಕ್‌ನ ಪದವಿಪತ್ರದಾಗ ನಾನು
ಖಂಸಾ ಖಿರೇಖಾಳ.
ಅವರ ನಾಲಿಗ್ಯಾಗ ನಮ್ಮ ಹಕಾರ ಇರಲಿಲ್ಲ,
ಗಂಟಲ ಕೆರಕೊಂಡು ಬರತಿತ್ತು ಖಕಾರ.
ಆರು ವರ್ಷ ಅದಕ್ಕ ‘ಇದ್ದೀನಿ’ ಅಂದೆ.

ಈಗ ಈ ಇಬ್ಬರು ಹುಡುಗಿಯರು ಒಬ್ಬಾಕೀನ ಅಂತ
ಹಾವೇರಿ ನೋಟರಿ ಮುಂದ ಪ್ರಮಾಣ ಮಾಡಬೇಕು.
ಬಾಂಡಿನ ಮ್ಯಾಲೆ ಮುದ್ರಿ,
ಮುದ್ರಿ ಖರೆ ಅನ್ನಾಕ ಇನ್ನೊಂದು ಮುದ್ರಿ,
ಆ ಮುದ್ರಿಗೆ ದಿಲ್ಲಿಯ ಒಂದು ಕಿಟಕಿ.
ಕಿಟಕಿಯ ಆಚೆ ಪರೀಕ್ಷೆ:
ಮುನ್ನೂರಕ್ಕ ನೂರೈವತ್ತು ಬಂದ್ರ ಮುಂದಿನ ಮಾತು.
ಮೊದಲ ಸಲ ನೂರಾ ಇಪ್ಪತ್ತೆರಡು.
ಎರಡನೇದ್ದು ಹೇಳಾಕ ಒಲ್ಲೆ.
ಈ ಸಲ ನೂರಾ ನಲವತ್ತೇಳು.

ಓಣ್ಯಾಗ ನಾ ಡಾಕ್ಟರಕ್ಕ. ಕಾನೂನಿನಾಗ ಪಿಯುಸಿ ಪಾಸು.
‘ಹುಡುಗಿ ಡಾಕ್ಟರೇನ್ರಿ?’ ಅಂತ ಬೀಗರು ಕೇಳಿದ್ರ
ಅವ್ವ ಚಾದ ಕಪ್ಪು ಸರಿಸಿ ‘ಆದಂಗ ಐತ್ರಿ’ ಅಂತಾಳ.

ಬ್ಯಾಡಗಿ ಮಾರ್ಕೆಟ್ಟಿನಾಗ ಅಪ್ಪ ಮೆಣಸಿನಕಾಯಿ ನೋಡಾವ,
ದಲಾಲರ ಅಂಗಡಿಗೆ ಮೂವತ್ತು ವರ್ಷದ ಕಣ್ಣು.
ಚೀಲದ ಹೊಟ್ಟಿಗೆ ಕೈ ಹಾಕಿ ತಳದ ಕಾಯಿ ತಗದು
ಕಿವಿಯ ಹತ್ರ ಅಲ್ಲಾಡಿಸಿ ಬೀಜ ಕೇಳತಾನ,
ಮುರೀತಾನ, ಮೂಸತಾನ:
‘ಬಣ್ಣ ಐತಿ. ಸುಕ್ಕು ನಮ್ದಲ್ಲ.
ಗುಂಟೂರು ಕಡೇದು, ದಾರ್ಯಾಗ ಊರು ಬದಲ ಮಾಡೈತಿ.’
ಈಗೀಗ ಖರೀದಿ ಮಂದಿ ಅವನ ಮೂಗಿಗೂ
ಲ್ಯಾಬಿನ ಚೀಟಿ ಕೇಳತಾರ. ಅವನು ಕೊಡತಾನ.

ರಿಸಲ್ಟ್ ಬಂದ ರಾತ್ರಿ ನಾ ದಿಲ್ಲೀನ ಬೈದೆ.
ಅಪ್ಪ ರೊಟ್ಟಿ ಮುರದ, ಪುಂಡಿಪಲ್ಲೆ ಹಚ್ಚಿದ, ಅಂದ:
‘ಹೊರಗಿನ ಮಾಲು
ಒಡದು ನೋಡಲಾರದ ನಾನೂ ಇಳಸ್ಕೊಳ್ಳೂದಿಲ್ಲವಾ.’
ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಾಕ ಬಿಟ್ಟಳು ಅವ್ವ.
ಆಕಿ ಪಾಟ್ಲಿ ಹೋಗಿದ್ದು ಹುಬ್ಬಳ್ಳಿಗೆ,
ಕೊಪ್ಪೀಕರ್ ರೋಡಿನ ಮೂರನೇ ಅಂತಸ್ತಿನ ಏಜೆಂಟಗ.

ನನ್ನ ಹತ್ರ ಉತ್ತರ ಇರಲಿಲ್ಲ.
ಹೇಳಬಾರದ್ದೊಂದು ಐತಿ:
ಆರು ವರ್ಷದಾಗ ಕಣ್ಣಾರೆ ನೋಡಿದ ಹೆರಿಗಿ ಎರಡ.
ಹಾಸಿಗ್ಯಾಗಿನ ಮುದುಕಿ ನೋವು ಎಲ್ಲೈತಿ ಅಂತ ಹೇಳತಿದ್ರ
ನಾ ಆಕಿ ಮಾತಿನ ವಿಭಕ್ತಿ ಹುಡುಕತಿದ್ದೆ.
ಆದರ ಹಿಮ ಬೀಳೂ ಮುಂಜಾನೆ, ಹೆಣದ ಕೋಣ್ಯಾಗ,
ಹೆಸರಿಲ್ಲದ ಒಬ್ಬನ ಪುಪ್ಪುಸ
ಅಂಗೈ ಮ್ಯಾಲೆ ಹಿಡಕೊಂಡು ನಿಂತಾಕೀನೂ ನಾನ.
ಆ ತೂಕ ಯಾ ಪ್ರಶ್ನಿಪತ್ರಿಕಿನೂ ಕೇಳಿಲ್ಲ.

ಇವತ್ತ ಅಪ್ಪಗ ಬುತ್ತಿ ಒಯ್ದೆ.
ತೊಟ್ಟು ಬಿಡಿಸೂ ಹೆಣ್ಮಕ್ಕಳ ಸಾಲು, ಬಾಯಿಗೆ ಸೆರಗು,
ಕೆಂಪು ಧೂಳು. ಅಲ್ಲಿ ಎಲ್ಲಾರೂ ಕೆಮ್ಮತಾರ.
ಗುತ್ತೆವ್ವನ ಕೆಮ್ಮು ಬ್ಯಾರೆ.
ಎಷ್ಟು ದಿನ ಆತು? ‘ದೀಪಾವಳಿಯಿಂದ.’
ರಾತ್ರಿ ಬೆವರು? ‘ಹೂಂ.’
ಮೈ ಇಳದೈತೇನು? ‘ಕುಬಸ ಎರಡು ಸಲ ಹೊಲಗಿ ಹಾಕೀನಿ, ತಂಗಿ.’
ಸ್ಟೆತಸ್ಕೋಪು ಮನ್ಯಾಗ, ಟ್ರಂಕಿನಾಗ.
ಬೆನ್ನಿಗೆ ಕಿವಿ ಹಚ್ಚಿದೆ. ಬಲಗಡೆ, ಮ್ಯಾಲೆ,
ಏನೋ ಐತಿ.

ಅಪ್ಪ ದೂರದಿಂದ ನೋಡತಿದ್ದ. ಕೈಯಾಗ ಕಾಯಿ ಇತ್ತು,
ಮುರೀಲಿಲ್ಲ.

ತೂಕದ ಚೀಟಿಯ ಬೆನ್ನಿಗೆ ಬರದೆ:
ಕಫ ಪರೀಕ್ಷೆ, ಎದಿ ಎಕ್ಸರೇ,
ಹಾವೇರಿ ಜಿಲ್ಲಾ ಆಸ್ಪತ್ರಿ, ತಡ ಮಾಡಬಾರದು.
ಕೆಳಗ ಹೆಸರು, ಹಕಾರದಿಂದ ಸುರು.
ಬರದ ಮ್ಯಾಲೆ ನೋಡಿದೆ: ಎಡಕ್ಕ ಜಾಗಾ ಬಿಟ್ಟೀನಿ,
ಒಂದಕ್ಷರದ್ದು, ಒಂದು ಚುಕ್ಕಿದು.
ತುಂಬಿದ್ರ ಕೇಸು.
ತುಂಬದಿದ್ರ ಈ ಚೀಟಿ ಯಾರು ಓದತಾರ?

ಪೆನ್ನು ಅಲ್ಲೇ ನಿಂತಿತ್ತು.
ಗುತ್ತೆವ್ವ ಚೀಟಿ ಕಸಕೊಂಡು, ತಿರಗಾ ಮುರಗಾ ನೋಡಿ,
ಎಲಿಅಡಕಿ ಚಂಚಿಯೊಳಗ ಮಡಚಿಟ್ಟಳು.
‘ಅಕ್ಷರ ನನಗೇನು ತಿಳೀತಾವು?
ಹಾವೇರಿ ಬಸ್ಸು ಎಷ್ಟಕ್ಕೈತಿ, ಅದನ್ನ ಹೇಳು.’