ತಲೆಭಾರ

ಹೈಮಾದ ಪೆಟ್ರೋಲ್ ಬಂಕಿನ ಹಿಂದೆ
ಮೂರನೇ ಶೆಡ್ಡು ನನ್ನದು. ಬೋರ್ಡಿನಲ್ಲಿ ಅರಬ್ಬಿ,
ಅದರಡಿ ತಪ್ಪು ಇಂಗ್ಲಿಷು.
ಕನ್ನಡ ಬಾಯಿಗೆ ಬರುವುದು
ವೆಲ್ಡಿಂಗಿನ ಕಿಡಿ ಕೈಗೆ ಹಾರಿದಾಗ ಮಾತ್ರ.

ಮೋನಬ್ಬ ಬಂದದ್ದು ನವೆಂಬರಿನಲ್ಲಿ.
ಕಂಪನಿಯ ಬಿಳಿ ಗಾಡಿ, ಎತ್ತರದ್ದು, ಹೊಸ ಮಾಡೆಲು;
ಮರಳಿಗೂ ಸೈ, ಟಾರಿಗೂ ಸೈ ಎಂದು ಜಾಹೀರಾತು.
"ಮಾಡಿಗೊಂದು ಕ್ಯಾರಿಯರ್ ಹಾಕು ಮಾರಾಯ,
ನೀರಿನ ಕ್ಯಾನು ಇಡಲಿಕ್ಕೆ. ಒಳಗೆ ಜನರಿಗೇ ಜಾಗ ಇಲ್ಲ."
ಹಾಕಿದೆ. ಹನ್ನೆರಡು ಕಡೆ ಬೆಸುಗೆ.
ಚಾ ಕುಡಿಯುತ್ತ ಫೋನು ತೋರಿಸಿದ:
ಉಳ್ಳಾಲದಲ್ಲಿ, ಚಾಪೆಯ ಮೇಲೆ, ಅವನ ಮಗಳು
ಮೊದಲ ಸಲ ಮಗುಚಿಕೊಂಡು
ತನಗೇ ಆಶ್ಚರ್ಯವಾದಂತೆ ತಲೆಯೆತ್ತಿದಳು.
ಮೂರು ಸಲ ತೋರಿಸಿದ.

ಆಮೇಲಿನದು ಪೊಲೀಸರ ಕಾಗದದಲ್ಲಿದೆ.
ಬೆಳಗಿನ ಜಾವ. ಸಲಾಲಾ ರಸ್ತೆ,
ನೂಲು ಹಿಡಿದಂಥ ನೇರ. ಮಂಜಿನೊಳಗಿಂದ ಒಂಟೆ.
ಸ್ಟೇರಿಂಗು ಎಡಕ್ಕೆ, ಕೂಡಲೇ ಬಲಕ್ಕೆ,
ಯಾರಾದರೂ ಮಾಡುವುದು ಅಷ್ಟೇ.
ಬೇರೆ ಗಾಡಿಯಾದರೆ ಜಾರುತ್ತಿತ್ತು,
ಟಯರು ಕಿರುಚಿ ಮರಳಲ್ಲಿ ಹೂತು ನಿಲ್ಲುತ್ತಿತ್ತು,
ಎಲ್ಲರೂ ಇಳಿದು ಒಂಟೆಗೆ ಬೈಯುತ್ತಿದ್ದರು.
ಇದು ಮೂರು ಲಾಗ ಹಾಕಿತು.

ನೋಡಲು ಹೋಗಿದ್ದೆ. ಮಾಡು ಸೀಟಿನ ಬೆನ್ನಿಗೆ ತಾಗಿತ್ತು.
ನನ್ನ ಹನ್ನೆರಡು ಬೆಸುಗೆಯಲ್ಲಿ
ಒಂದೂ ಬಿಟ್ಟಿರಲಿಲ್ಲ.
ದೂರದಲ್ಲಿ ಒಂದು ಕ್ಯಾನು, ತುಂಬಿದ್ದು ತುಂಬಿದ ಹಾಗೇ.

ಮಿಸ್ರಿಯಾ ಊರಿಂದ ಮುಕ್ತಿಯಾರ್ ಪತ್ರ ಕಳಿಸಿದಳು.
ಸೊಂಟದ ಕೆಳಗೆ ಜೀವವಿಲ್ಲದ ತುಲ್ಸಿ ಗುರುಂಗ್
ಹೆಬ್ಬೆಟ್ಟು ಒತ್ತಿದ.
ಗಾಡಿ ಮಾಡಿದವರ ಮೇಲೆ ಮಸ್ಕತ್ತಿನಲ್ಲಿ ದಾವೆ.

ಅವರ ವಕೀಲ ಊದಿನ ಪರಿಮಳದವನು, ಮೆತ್ತಗೆ ಕೇಳಿದ:
ಕ್ಯಾರಿಯರ್ ಹಾಕಿದ್ದು ಯಾರು?
ಅರಬ್ಬಿ ಮಲಯಾಳಿಯ ಬಾಯಲ್ಲಿ ಹಿಂದಿಯಾಗಿ ಬರುವಷ್ಟರಲ್ಲಿ
ನನಗೆ ಅರ್ಥವಾಗಿತ್ತು. ನಾನೇ.
ಎಷ್ಟು ತೂಕ? ಮೂವತ್ತೆಂಟು ಕಿಲೋ.
ಬರೆದುಕೊಂಡ. ನೀರಿನ ತೂಕ ಅವನೇ ಸೇರಿಸಿದ.
ಮತ್ತೆ, ಒಂಟೆಯನ್ನು ತಪ್ಪಿಸಿದ್ದೇ ತಪ್ಪು ಎಂದ.
ತಪ್ಪಿಸುವುದೂ ತಪ್ಪೂ ನಮ್ಮಲ್ಲಿ ಇಷ್ಟು ಹತ್ತಿರ;
ಅರಬ್ಬಿಯಲ್ಲಿ ಹೇಗೋ, ಕೇಳಲಿಲ್ಲ.

ನಮ್ಮ ಕಡೆಗೆ ಶುಕ್ರಿ ಎಂಬ ಮುದಿ ಇಂಜಿನಿಯರು, ಮಿಸ್ರದವ.
ಕ್ಯಾಂಟೀನಿನಲ್ಲಿ ನಾನು ಬೆಂಕಿಪೊಟ್ಟಣವನ್ನು
ನೆಟ್ಟಗೆ ನಿಲ್ಲಿಸಿ ಬೆರಳು ತಾಗಿಸಿದೆ, ಬಿತ್ತು.
ಮಲಗಿಸಿ ತಳ್ಳಿದೆ, ಜಾರಿತು ಅಷ್ಟೆ.
ಮುದುಕ ನನ್ನ ಮುಖ ನೋಡಿದ:
ಇದನ್ನೇ ಹೇಳಲು ನನಗೆ
ನಾನೂರು ಪುಟ ಬೇಕಾಯಿತು.

ಆ ನಾನೂರರಲ್ಲಿ ಒಂದು ಹಾಳೆ ಇತ್ತು,
ಕಾರ್ಖಾನೆಯೊಳಗಿನದು:
ಚಕ್ರಗಳ ನಡುವೆ ಎರಡಿಂಚು ಅಗಲಿಸಿದರೆ ಒಳ್ಳೆಯದು.
ಪಕ್ಕದಲ್ಲಿ ಯಾರದೋ ಪೆನ್ನು: ಖರ್ಚು. ಮುಂದಿನ ಮಾಡೆಲಿಗೆ.
ಖಾಲಿ ಗಾಡಿಯೂ ಬೀಳುತ್ತಿತ್ತು, ಎಂದ ಶುಕ್ರಿ,
ನಿನ್ನ ಕ್ಯಾರಿಯರ್ ಇಲ್ಲದೆಯೂ.
ಬಹುಶಃ, ಎಂದು ಸೇರಿಸಿದ. ಪ್ರಾಮಾಣಿಕ ಮನುಷ್ಯ.
ಆ ಒಂದು ಪದ
ಇವತ್ತಿಗೂ ನನ್ನ ಮಾಡಿನ ಮೇಲಿದೆ.

ತೀರ್ಪಿನಲ್ಲಿ ತಪ್ಪನ್ನು ತೂಗಿ ಹಂಚಿದ್ದಾರೆ,
ಮೀನು ಪಾಲು ಹಾಕಿದಂತೆ.
ಸತ್ತ ಚಾಲಕನಿಗೆ ಐವತ್ತು.
ಗಾಡಿ ಮಾಡಿದವರಿಗೆ ಮೂವತ್ತು; ಅದಕ್ಕೂ ಅಪೀಲು ಹೋಗಿದ್ದಾರೆ.
ಉಳಿದದ್ದು, ಅನಧಿಕೃತ ಬದಲಾವಣೆ.
ಆ ಇಪ್ಪತ್ತು ನಾನು.
ಒಂಟೆಗೆ ಏನೂ ಇಲ್ಲ.

ಮಿಸ್ರಿಯಾ ಫೋನಿನಲ್ಲಿ ನನ್ನನ್ನು ಬೈಯಲಿಲ್ಲ.
ಮಗು ಈಗ ಓಡುತ್ತಾಳೆ ಎಂದಳು.
ಬೈದಿದ್ದರೆ.

ನಿನ್ನೆ ಅದೇ ಮಾಡೆಲು ಬಂತು, ಅದೇ ಬಿಳಿ.
ಸ್ವಾತ್ ಕಡೆಯ ಹುಡುಗ, ಮೀಸೆ ಇನ್ನೂ ಚಿಗುರು.
ಉಸ್ತಾದ್, ಮೇಲೊಂದು ಕ್ಯಾರಿಯರ್ ಬೇಕು.
ಟೇಪು ತೆಗೆದು ಚಕ್ರದಿಂದ ಚಕ್ರಕ್ಕೆ ಅಳೆದೆ.
ಅಳತೆ ಮೇಲಿನದಲ್ಲವಾ ಎಂದು ನಕ್ಕ.
ಅಗಲ ಹಳೆಯದೇ.
ರಾಡು ಮುಗಿದಿದೆ, ಎಂದೆ.
ಬೆಂಕಿಪೊಟ್ಟಣಕ್ಕೆ ಜೇಬು ತಡಕುವುದರೊಳಗೆ
ರಿವರ್ಸ್ ತೆಗೆದುಕೊಂಡು ಹೋಗೇಬಿಟ್ಟ.

ನಾಲ್ಕನೇ ಶೆಡ್ಡಿನಲ್ಲಿ
ನೀಲಿ ಬೆಳಕು, ಕಿಡಿ,
ರಾತ್ರಿ ಊಟದ ಹೊತ್ತಿನವರೆಗೂ.