ಹದಿನಾಲ್ಕನೇ ನಂಬರಿನ ಅಂಗಿ

ಹುಡುಗಿಯರು ಹದಿನಾಲ್ಕು, ಅಂಗಿಗಳು ಹದಿಮೂರು.
ಹದಿಮೂರನೇ ನಂಬರು ಅಪಶಕುನವೆಂದು
ಹೊಲಿಸಿರಲೇ ಇಲ್ಲ ನಮ್ಮ ಪಿ.ಟಿ. ಮೇಷ್ಟ್ರು ರುದ್ರಮುನಿ.
ಹಾಗಾಗಿ ಕೊನೆಯದು ನನ್ನದೂ ಮುಬೀನಾಳದೂ:
ಮೊದಲರ್ಧ ಅವಳಿಗೆ, ಉಳಿದರ್ಧ ನನಗೆ.
ಶೂ ಕೂಡ ಹಾಗೇ. ಅವಳ ಪಾದ ಒಂದು ಸೈಜು ಚಿಕ್ಕದು,
ಬೆರಳ ಮುಂದೆ ಹತ್ತಿ ತುರುಕಿಕೊಳ್ಳುವಳು,
‘ಮಿಲ್ಲು ಮುಚ್ಚಿದರೂ ದಾವಣಗೆರೇಲಿ ಹತ್ತಿಗೆ ಬರವಾ’
ಎಂದು ನಗುವಳು.

ಅವತ್ತು ಹೈಸ್ಕೂಲ್ ಮೈದಾನದಲ್ಲಿ
ಬೇವಿನ ನೆರಳಿಗೆ ಕುರ್ಚಿ ಎಳೆಸಿಕೊಂಡು
ಕಾಲೇಜಿನವರು ಇಬ್ಬರು ಕೂತಿದ್ದರು.
ಒಬ್ಬರ ಕಣ್ಣು ಮಂಡಕ್ಕಿ ಮಿರ್ಚಿಯ ಪೊಟ್ಟಣದ ಮೇಲೆ,
ಇನ್ನೊಬ್ಬರ ತೊಡೆಯ ಮೇಲೆ ನೋಟ್‌ಬುಕ್ಕು.
ಕ್ರೀಡಾ ಕೋಟಾದಲ್ಲಿ ಉಳಿದದ್ದು ಒಂದೇ ಸೀಟು.
ಫೀಸಿಲ್ಲ, ಹಾಸ್ಟೆಲ್ಲು ಪುಕ್ಕಟೆ, ದಿನಕ್ಕೆರಡು ಮೊಟ್ಟೆ
ಎಂದು ಮೇಷ್ಟ್ರು ಬೆಳಿಗ್ಗೆಯೇ ಹೇಳಿದ್ದರು,
ಮೊಟ್ಟೆಯ ಮಾತನ್ನು ಎರಡು ಸಲ.

ಮುಬೀನಾಳ ಮನೆ ಮಂಡಕ್ಕಿ ಭಟ್ಟಿಯ ಹಿಂದೆ.
ನಸುಕಿನ ಮೂರಕ್ಕೇ ಅವಳಪ್ಪ ಒಲೆಗೆ ಹೊಟ್ಟು ಸುರಿಯುವನು.
ಕಾದ ಮರಳಲ್ಲಿ ಅಕ್ಕಿ ಅರಳುವುದನ್ನು
ಎಣಿಸುತ್ತ ಬೆಳೆದವಳು ಅವಳು.
ಎಡಗಾಲಿಗೆ ಚೆಂಡು ಸಿಕ್ಕರೆ
ಎಲ್ಲಿಗೆ ಸಿಡಿಯುತ್ತದೆಂದು ಚೆಂಡಿಗೂ ತಿಳಿಯದು.
ಅವತ್ತು ಮೂವರನ್ನು ದಾಟಿದಳು. ನಾಲ್ಕನೆಯವಳು
ತಾನಾಗಿಯೇ ಸರಿದು ನಿಂತಳು.
ಗೋಲಿಗೆ ಬಲೆಯಿರಲಿಲ್ಲ, ಚೆಂಡು ಹೋಗಿ
ಐಸ್‌ಕ್ಯಾಂಡಿ ಗಾಡಿಗೆ ಬಡಿಯಿತು.

ಅರ್ಧ ಮುಗಿಯಿತು. ಶೆಡ್ಡಿನ ಹಿಂದೆ
ಅಂಗಿ ಬಿಚ್ಚಿ ಕೊಟ್ಟಳು, ಹಿಂಡಿ.
ಅವಳ ಬೆವರು ನನ್ನ ಬೆನ್ನಿಗೆ ತಣ್ಣಗೆ ಅಂಟಿತು,
ಹೊಟ್ಟಿನ ಹೊಗೆಯ ವಾಸನೆ.
ಇಬ್ಬರಿಗೂ ಒಂದೇ ಎತ್ತರ, ಒಂದೇ ಜಡೆ,
ದೂರದ ಬೇವಿನ ಮರಕ್ಕೆ ಯಾವ ವ್ಯತ್ಯಾಸ.
ನಾನು ಓಡಿದೆ. ಓಡಿದ್ದಂತೂ ನಿಜ.
ಕಾರ್ನರಿನಿಂದ ಬಂದ ಚೆಂಡೊಂದು
ನನ್ನ ಮೊಣಕಾಲಿಗೆ ತಾಗಿ ಒಳಗೆ ಹೋಯಿತು.
ನಾನು ಆ ಕಡೆ ನೋಡುತ್ತಲೂ ಇರಲಿಲ್ಲ.

ಸೋಮವಾರ ಪತ್ರ ಬಂತು:
ಹದಿನಾಲ್ಕನೇ ನಂಬರಿನ ವಿದ್ಯಾರ್ಥಿನಿ ಆಯ್ಕೆಯಾಗಿರುತ್ತಾರೆ.
ಹೆಸರು, ಮುಂದೆ ಚುಕ್ಕಿ ಚುಕ್ಕಿ ಚುಕ್ಕಿ.
ಮೇಷ್ಟ್ರು ಪೆನ್ನು ಮೇಜಿನ ಮೇಲಿಟ್ಟರು,
‘ಸ್ಕೂಟರಿನ ಗಾಳಿ ನೋಡ್ಕೊಂಡು ಬರ್ತೀನಿ’ ಎಂದು
ಹೊರಗೆ ಹೋದರು, ಬಹಳ ಹೊತ್ತು ಬರಲಿಲ್ಲ.
ಅದೆಂಥಾ ಗಾಳಿಯೋ.

ಮುಬೀನಾ ಅಂದಳು:
‘ನೀನೇ ಬರಿಯೇ, ನಿನ್ನ ಅಕ್ಷರ ದುಂಡಗದಾವೆ.’
ಯಾರ ಹೆಸರು ಅಂತ ಅವಳು ಹೇಳಲಿಲ್ಲ.
ನಾನು ಕೇಳಲಿಲ್ಲ.

ಇಪ್ಪತ್ತೊಂದು ವರ್ಷ. ಈಗ ಬೇವಿನ ಕೆಳಗಿನ ಕುರ್ಚಿ ನನ್ನದು,
ನೋಟ್‌ಬುಕ್ಕು ನನ್ನದು, ಮಿರ್ಚಿ ಅಸಿಡಿಟಿಗೆ ಆಗದು.
ಮುಬೀನಾ ಹರಿಹರದಲ್ಲಿದ್ದಾಳಂತೆ.
ಅಂತೆ ಎನ್ನುವುದು ಸುಳ್ಳು, ವಿಳಾಸ ಗೊತ್ತಿದೆ.
ಹದಿನಾಲ್ಕು ಕಿಲೋಮೀಟರು. ಹತ್ತು ನಿಮಿಷಕ್ಕೊಂದು ಬಸ್ಸು.
ಮೊಟ್ಟೆ ಸುಲಿಯುವಾಗಲೆಲ್ಲ
ಒಂದನ್ನು ತಟ್ಟೆಯ ಅಂಚಿಗೆ ತಳ್ಳಿರುತ್ತೇನೆ,
ಆಮೇಲೆ ನಾನೇ ತಿನ್ನುತ್ತೇನೆ.

ಅರ್ಧ ಮುಗಿದಾಗ ಎದ್ದು ಶೆಡ್ಡಿನ ಹಿಂದೆ ಹೋಗುವುದು
ನನ್ನ ಅಭ್ಯಾಸ. ಹುಡುಗಿಯರು ಗಾಬರಿಯಾಗುತ್ತಾರೆ.
ಮುಖ ಒಣಗಿ ಬೆನ್ನು ಒದ್ದೆಯಾಗಿದ್ದರೆ ಕೇಳುತ್ತೇನೆ,
ಇದು ಯಾರ ಬೆವರು?
ಹೋದ ವರ್ಷ ಜಗಳೂರಿನ ಗಿಡ್ಡ ಹುಡುಗಿಯೊಬ್ಬಳು
ಶೂ ದಾರ ಕಟ್ಟುತ್ತ, ತಲೆಯೆತ್ತದೆ,
‘ಅಂಗೀದು ಮೇಡಂ’ ಅಂದುಬಿಟ್ಟಳು.
ಎಲ್ಲರೂ ನಕ್ಕರು, ನಾನೂ.
ಪೆನ್ನಿನ ಮುಚ್ಚಳ ಎಲ್ಲೋ ಉರುಳಿ ಹೋಯಿತು,
ಸೀಟಿ ಊದುವವರೆಗೂ ಹುಡುಕುತ್ತಿದ್ದೆ.